ಕುಂಡದೊಳಗಿನ ಮುಂಗಾರು



ನಮ್ಮ ಊರು ಕೊಪ್ಪ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವಲ್ಲ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಕಾವೇರಿಯನ್ನು ದಾಟಿದರೆ ಕುಶಾಲನಗರ. ನಮ್ಮಲ್ಲಿ ಕರಿಬೇವನ್ನು ಯಾರೂ ಬೆಳೆಸುವುದಿಲ್ಲ, ಅದು ತಾನೇ ಬೆಳೆಯುತ್ತದೆ. ಹಣ್ಣು ತಿಂದ ಹಕ್ಕಿ ಬೇಲಿಯಲ್ಲಿ ಬೀಜ ಉದುರಿಸುತ್ತದೆ, ಬುಡದಿಂದ ಹತ್ತಾರು ಮರಿಗಳು ಏಳುತ್ತವೆ, ನೆರೆಮನೆಯವರು ಕೇಳದೆಯೇ ಕಿತ್ತುಕೊಂಡು ಹೋಗುತ್ತಾರೆ. ಒಂದು ಕರಿಬೇವಿನ ಗಿಡಕ್ಕಾಗಿ ನಾನು ಕಣ್ಣೀರು ಹಾಕಬೇಕಾಗುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಮಗಳು ಅಮೆರಿಕದ ಶಿಕಾಗೋ ನಗರದ ಹೊರವಲಯದಲ್ಲಿದ್ದಾಳೆ. 2014ರಲ್ಲಿ ಅವಳ ಬಾಣಂತನಕ್ಕೆಂದು ನನ್ನ ಪತ್ನಿ ಒಬ್ಬಳೇ ಹೋಗಿ ಆರು ತಿಂಗಳಿದ್ದು ಬಂದಳು. ಆಗ ಅಲ್ಲಿಯ ಭಾರತೀಯ ಅಂಗಡಿಯೊಂದರಲ್ಲಿ ಗೇಣುದ್ದದ ಕರಿಬೇವಿನ ಸಸಿಯನ್ನು ಕೊಂಡು ಕುಂಡದಲ್ಲಿ ನೆಟ್ಟಿದ್ದಳು. 2017ರಲ್ಲಿ ಅವಳು ನಮ್ಮನ್ನು ಅಗಲಿದಳು. ಮರುವರ್ಷ ನಾನು ನಿವೃತ್ತನಾಗಿ ಅಕ್ಟೋಬರಿನಲ್ಲಿ ಮಗಳ ಮನೆಗೆ ಹೋದಾಗ ಆ ಗಿಡ ಎದೆಯುದ್ದ ಬೆಳೆದು ಹಿತ್ತಲಿನಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಬಾಳೆ, ಒಂದು ತುಳಸಿ, ಮತ್ತು ಅಡಿಕೆಯ ತಂಗಿಯಂತೆ ಕಾಣುವ ಒಂದು ತಾಳೆ. ಅದನ್ನು ಅಂಗಡಿಯವರು 'ಅರೆಕಾ ಪಾಮ್' ಎಂದು ಮಾರುತ್ತಾರಂತೆ. ವಾಸ್ತವದಲ್ಲಿ ಅದು ಅಡಿಕೆಯಲ್ಲ, ಮಡಗಾಸ್ಕರ್ ದ್ವೀಪದ ಗಿಡ. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಅವೆಲ್ಲವನ್ನೂ ಮನೆಯೊಳಗೆ ಸಾಗಿಸುವುದು ಆ ಮನೆಯ ವಾರ್ಷಿಕ ಪದ್ಧತಿ. ಮೇ ತಿಂಗಳಲ್ಲಿ ಮತ್ತೆ ಹೊರಗೆ. ಚಕ್ರವಿರುವ ಹಲಗೆಯ ಮೇಲೆ ಕುಂಡಗಳನ್ನಿಟ್ಟು ನಾನೂ ಅಳಿಯನೂ ತಳ್ಳಿದೆವು.

ಸಮಾಜ ವಿಜ್ಞಾನದ ಮೇಷ್ಟರಾಗಿದ್ದವನಿಗೆ ಆ ದೃಶ್ಯ ಕಂಡಾಗ ಫ್ರಾನ್ಸಿನ ವರ್ಸೇಲ್ಸ್ ಅರಮನೆ ನೆನಪಾಯಿತು. ಹದಿನಾಲ್ಕನೆಯ ಲೂಯಿ ದೊರೆಗಾಗಿ 1684ರಿಂದ 1686ರವರೆಗೆ ಅಲ್ಲಿ ಕಿತ್ತಳೆ ಗಿಡಗಳಿಗೆಂದೇ ಒಂದು ಕಲ್ಲಿನ ಮಹಾಮಂದಿರವನ್ನು ಕಟ್ಟಲಾಯಿತು. ದಪ್ಪ ಗೋಡೆ, ದಕ್ಷಿಣಕ್ಕೆ ಎತ್ತರದ ಕಿಟಕಿಗಳು. ಮರದ ಪೆಟ್ಟಿಗೆಗಳಲ್ಲಿ ಬೆಳೆದ ಕಿತ್ತಳೆ, ದಾಳಿಂಬೆ, ತಾಳೆ ಮುಂತಾದವು ಬೇಸಿಗೆಯಲ್ಲಿ ಅಂಗಳಕ್ಕೂ ಚಳಿಗಾಲದಲ್ಲಿ ಒಳಕ್ಕೂ ಬರುತ್ತವೆ. ಸಾವಿರಕ್ಕೂ ಹೆಚ್ಚು ಗಿಡಗಳ ಈ ಯಾತ್ರೆ ಇಂದಿಗೂ ನಿಂತಿಲ್ಲ. ಚಕ್ರವರ್ತಿಯ ವೈಭವವು ನನ್ನ ಮಗಳ ಹಿತ್ತಲಿಗೆ ಬಂದಿತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಹೆಮ್ಮೆ ಬಂದ ಕಡೆ ಎಚ್ಚರ ತಪ್ಪುತ್ತದೆ.

ಹಗಲು ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಗಿಡಗಳೇ ನನ್ನ ಸಂಗಾತಿಗಳು. ಕರಿಬೇವಿನ ಎಲೆಗಳು ಡಿಸೆಂಬರಿನಲ್ಲಿ ಹಳದಿಯಾಗತೊಡಗಿದವು. ಗಿಡ ಬಾಯಾರಿದೆಯೆಂದು ಬಗೆದು ದಿನವೂ ಒಂದು ಚೊಂಬು ನೀರು ಹಾಕಿದೆ. ಎಲೆ ಇನ್ನಷ್ಟು ಉದುರಿತು. ಇನ್ನಷ್ಟು ನೀರು ಹಾಕಿದೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿಗೂ ಕೆಳಗಿಳಿಯಿತು. ಶಾಲೆಗಳಿಗೆ ರಜೆ, ರಸ್ತೆಗಳಲ್ಲಿ ಜನವಿಲ್ಲ. ಆ ವಾರ ಕರಿಬೇವಿನಲ್ಲಿ ಒಂದೆಲೆಯೂ ಉಳಿಯಲಿಲ್ಲ. ಮಗಳು ಏನೂ ಹೇಳಲಿಲ್ಲ. ಬರಿಯ ಕಡ್ಡಿಯನ್ನು ಮುಟ್ಟಿ ನೋಡಿ ಒಳಗೆ ಹೋದಳು. ಅಮ್ಮನ ಕೈಯ ಗಿಡವನ್ನು ಅಪ್ಪ ಕೊಂದನೆಂದು ಅವಳು ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಊರಿನಿಂದ ಇನ್ನೊಂದನ್ನು ತರಬಹುದಲ್ಲ ಎನ್ನುವಿರಿ. ಸಾಧ್ಯವಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ಮಾರಕ ರೋಗವನ್ನು ಹರಡುವ ಪುಟ್ಟ ಕೀಟವೊಂದು ಅವುಗಳ ಬಂಧುವಾದ ಕರಿಬೇವಿನ ಮೇಲೂ ಬದುಕುತ್ತದೆ. ಆ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಹಾಗಾಗಿ ನಮ್ಮ ಬೇಲಿಯ ಒಂದು ಕಡ್ಡಿಯನ್ನೂ ಅಲ್ಲಿಗೆ ಒಯ್ಯುವಂತಿಲ್ಲ. ಅದು ನ್ಯಾಯವೇ. ಒಯ್ದಿದ್ದರೂ ಅದು ಆ ಗಿಡವಾಗುತ್ತಿರಲಿಲ್ಲ.

ಬೇಸರ ಕಳೆಯಲು ಸಮೀಪದ ಗ್ರಂಥಾಲಯಕ್ಕೆ ಹೋಗಿ ಗಿಡಗಳ ಇತಿಹಾಸವನ್ನು ಓದತೊಡಗಿದೆ. ಅಲ್ಲಿ ನನಗೆ ದೊರೆತದ್ದು ಹಾಲೆಂಡಿನ ಒಂದು ಬಾಳೆಯ ಕಥೆ. ಆಮ್‌ಸ್ಟರ್‌ಡ್ಯಾಮಿನ ಶ್ರೀಮಂತ ಜಾರ್ಜ್ ಕ್ಲಿಫರ್ಡನು ತನ್ನ ಹಾರ್ಟೆಕ್ಯಾಂಪ್ ತೋಟದಲ್ಲಿ ಬಿಸಿಮನೆಗಳನ್ನು ಕಟ್ಟಿಸಿ ಉಷ್ಣವಲಯದ ಗಿಡಗಳನ್ನು ಸಾಕಿದ್ದ. ಬಿಸಿಯಿತ್ತು, ನೀರಿತ್ತು, ಹಣವಿತ್ತು. ಆದರೂ ಬಾಳೆ ಹೂಬಿಡುತ್ತಿರಲಿಲ್ಲ. ಅವನ ತೋಟಗಾರ ಡೀಟ್ರಿಚ್ ನೀಟ್ಸೆಲ್. ಆಗ ಅಲ್ಲಿ ಕೆಲಸಕ್ಕಿದ್ದ ಸ್ವೀಡನ್ನಿನ ತರುಣ ಕಾರ್ಲ್ ಲಿನೇಯಸ್. ಇಬ್ಬರೂ ಬಾಳೆಯನ್ನು ಫಲವತ್ತಾದ ಮಣ್ಣಿನಲ್ಲಿ ನೆಟ್ಟು, ಕೆಲವು ವಾರಗಳ ಕಾಲ ನೀರನ್ನೇ ಕೊಡದೆ ಒಣಗಿಸಿ, ಬಳಿಕ ಮಳೆಯಂತೆ ಧಾರಾಳವಾಗಿ ನೀರೆರೆದರು. ಬಾಳೆ ಮೂತಿ ಹಾಕಿತು! ಲಿನೇಯಸ್ ಸಂತೋಷದಿಂದ ಆ ಒಂದು ಬಾಳೆಯ ಮೇಲೆಯೇ 1736ರಲ್ಲಿ ಪುಸ್ತಕ ಬರೆದು ಅದಕ್ಕೆ 'ಮೂಸಾ ಕ್ಲಿಫರ್ಟಿಯಾನಾ' ಎಂದು ಹೆಸರಿಟ್ಟ. ಹೆಸರು ಧಣಿಗೆ ಸಂದಿತು, ಕೀರ್ತಿ ಪಂಡಿತನಿಗೆ ಸಂದಿತು. ನೀಟ್ಸೆಲ್‌ನನ್ನು ಬಲ್ಲವರು ಕಡಿಮೆ.

ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ನಮ್ಮ ಊರಿನ ಯಾವ ರೈತನಾದರೂ ಹೇಳಬಹುದಾದ ಮಾತಿದು. ಮುಂಗಾರು ಎಂದರೆ ಮಳೆ ಮಾತ್ರವಲ್ಲ, ಮಳೆಗೆ ಮುಂಚಿನ ಒಣಗಾಲವೂ ಹೌದು. ಗಿಡಕ್ಕೆ ಬೇಕಾದುದು ಬಿಸಿಯೊಂದೇ ಅಲ್ಲ, ಕಾಲದ ಲಯ. ಶಿಕಾಗೋದಲ್ಲಿ ಡಿಸೆಂಬರಿನ ಹಗಲು ಒಂಬತ್ತು ಗಂಟೆಗಿಂತ ತುಸು ಹೆಚ್ಚು. ನಮ್ಮ ಕೊಪ್ಪದಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ಮೀರುತ್ತದೆ. ಬೆಳಕು ಕುಗ್ಗಿ ಕಿಟಕಿಯ ಬಳಿ ತಣ್ಣಗಾದ ಕುಂಡದಲ್ಲಿ ಬೇರು ನಿದ್ರಿಸುತ್ತದೆ. ನೆಲದಲ್ಲಿರುವ ಬೇರಿಗೆ ಸುತ್ತಲಿನ ಮಣ್ಣೇ ಕಂಬಳಿ. ಕುಂಡದ ಬೇರಿಗೆ ಅಂಗುಲ ದಪ್ಪದ ಗೋಡೆಯೂ ಇಲ್ಲ. ಅಂಥ ಬೇರಿಗೆ ನೀರು ತುಂಬಿದರೆ ಮಣ್ಣಿನೊಳಗಿನ ಗಾಳಿ ಹೊರಟು ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ನಾನು ನೀರೆಂದು ಕೊಟ್ಟದ್ದು ನನ್ನ ದುಃಖವನ್ನು.

ಮುಂದಿನ ಶತಮಾನದಲ್ಲಿ ಗಾಜು, ಕಬ್ಬಿಣಗಳು ಈ ವಿದ್ಯೆಯನ್ನು ದೊಡ್ಡದು ಮಾಡಿದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಸೀಸೆಯೊಳಗೆ ಜರೀಗಿಡ ತಾನಾಗಿ ಮೊಳೆತದ್ದನ್ನು ಕಂಡ. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದಾಗ ಅವು ಜೀವಂತ ತಲುಪಿದವು. ಲಂಡನ್ನಿನ ಕ್ಯೂ ತೋಟದಲ್ಲಿ 1844ರಿಂದ 1848ರವರೆಗೆ ತಾಳೆಗಳಿಗಾಗಿ ಗಾಜಿನ ಅರಮನೆಯೆದ್ದಿತು. ಅದರ ನೆಲದಡಿಯಲ್ಲಿ ಕಲ್ಲಿದ್ದಲಿನ ಒಲೆಗಳು, ಇದ್ದಲು ಸಾಗಿಸಲು ಒಂದು ಸುರಂಗ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ನಮಗೆ ಒಲೆಯ ಅಗತ್ಯವಿರಲಿಲ್ಲ, ಫಲಪುಷ್ಪ ಪ್ರದರ್ಶನಕ್ಕೆ ಅದು ಚಪ್ಪರವಾಯಿತು. ಕ್ಯೂ ತೋಟದಲ್ಲಿ ದುಡಿದಿದ್ದ ಜರ್ಮನಿಯ ಕ್ರುಂಬಿಗೆಲ್ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಅದೇ 1908ರಲ್ಲಿ ಶಿಕಾಗೋದ ಗಾರ್ಫೀಲ್ಡ್ ಪಾರ್ಕಿನ ಗಾಜಿನ ತೋಟ ಜನರಿಗೆ ತೆರೆಯಿತು. ಫೆಬ್ರವರಿಯ ಒಂದು ದಿನ ಮೊಮ್ಮಗನ ಕೈ ಹಿಡಿದು ನಾನು ಅಲ್ಲಿಗೆ ಹೋದೆ. ಹೊರಗೆ ಹಿಮ; ಒಳಗೆ ತಾಳೆಗಳ ನೆರಳು, ಹಸಿಮಣ್ಣಿನ ವಾಸನೆ. ನನ್ನ ಕನ್ನಡಕ ಮಂಜಾಯಿತು. ಮಂಜಿನಿಂದಲೇ ಎಂದು ಮೊಮ್ಮಗನಿಗೆ ಹೇಳಿದೆ. ಅಲ್ಲೊಬ್ಬ ವೃದ್ಧ ತೋಟಗಾರ ಮಣ್ಣಿನೊಳಗೆ ಬೆರಳಿಟ್ಟು ನೋಡಿ, ನೀರು ಹಾಕದೆಯೇ ಮುಂದಿನ ಗಿಡಕ್ಕೆ ಹೋಗುತ್ತಿದ್ದ. ಅಂದಿನಿಂದ ನಾನೂ ಹಾಗೆಯೇ ಮಾಡಿದೆ. ಕಡ್ಡಿಯಾದ ಕರಿಬೇವನ್ನು ಬಿಸಾಡಲು ಬಿಡದೆ ಬೆಚ್ಚಗಿನ ಮೂಲೆಯಲ್ಲಿಟ್ಟು ಮಣ್ಣನ್ನು ಒಣಗಲು ಬಿಟ್ಟೆ. ಏಪ್ರಿಲಿನಲ್ಲಿ ಊರಿಗೆ ಮರಳಿದಾಗಲೂ ಅದು ಕಡ್ಡಿಯೇ.

ಮರಳಿ ಬಂದ ಮೇಲೆ ಸಂಜೆಯ ನಡಿಗೆಯಲ್ಲಿ ಬೈಲುಕುಪ್ಪೆಯ ಟಿಬೆಟ್ ಹಿರಿಯರನ್ನು ನೋಡುವ ನನ್ನ ನೋಟ ಬದಲಾಯಿತು. ಹಿಮದ ಪ್ರಸ್ಥಭೂಮಿಯಿಂದ ಹೊರಟು, 1960-61ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಕಾಡುನೆಲಕ್ಕೆ ಬಂದವರು ಅವರು. ಗಿಡಗಳದು ಬಿಸಿಲಿನಿಂದ ಚಳಿಗೆ. ಇವರದು ಚಳಿಯಿಂದ ಬಿಸಿಲಿಗೆ. ಕಾಡು ಕಡಿದು ಮುಸುಕಿನ ಜೋಳ ಬಿತ್ತಲು ಕಲಿತರು, ನಮ್ಮ ಮಳೆಯ ಲೆಕ್ಕ ಕಲಿತರು, ತಮ್ಮ ಹಬ್ಬಗಳ ಲೆಕ್ಕವನ್ನೂ ಬಿಡಲಿಲ್ಲ. ಅವರನ್ನು ನೆರೆಯವರೆಂದು ಕಂಡು ಬೆಳೆದ ನಾನು, ಬೇರೂರುವುದಕ್ಕೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಮೇ ತಿಂಗಳ ಕೊನೆಗೆ ಮಗಳಿಂದ ಒಂದು ಚಿತ್ರ ಬಂದಿತು. ಒಣಕಡ್ಡಿ ಹಾಗೆಯೇ ಇತ್ತು. ಆದರೆ ಅದರ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ, ತಾಮ್ರವರ್ಣದ ಒಂದು ಕುಡಿ. ಕೆಳಗೆ ಅವಳು ಬರೆದಿದ್ದಳು: "ಅಪ್ಪಾ, ನೀರು ಎಷ್ಟು ಹಾಕಲಿ?"

ಬೆರಳಿಟ್ಟು ನೋಡು ಎಂದು ಬರೆದೆ.