ನಿಮಿಷಕ್ಕೊಂದು ತೊಟ್ಟಿ

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೊಟ್ಟೆ ತಿರುಗಿಸುತ್ತ ನಿಂತಿರುವ ಕಾಂಕ್ರೀಟ್ ಲಾರಿಯನ್ನು ಬೈಯದವರು ಕಡಿಮೆ. ಅದರ ಡ್ರೈವರನಿಗೆ ನಮಗಿಂತ ಹೆಚ್ಚು ಅವಸರವಿರುತ್ತದೆ. ಸಿಮೆಂಟಿಗೆ ನೀರು ಸೋಕಿದ ಕ್ಷಣದಿಂದಲೇ ಮಾಲು ಗಟ್ಟಿಯಾಗುವ ದಾರಿ ಹಿಡಿದಿರುತ್ತದೆ. ಲೋಡು ಮಾಡಿದ ಎರಡು ಗಂಟೆಯೊಳಗೆ ಅದನ್ನು ಸುರಿಯಬೇಕು ಎಂಬುದು ನಮ್ಮ ದೇಶದ ಮಾನಕದ ಸಾಮಾನ್ಯ ನಿಯಮ. ಹೀಗಾಗಿ ಜಲ್ಲಿ ತೂಗುವವನು, ಲಾರಿ ನಡೆಸುವವನು, ಪಂಪಿನ ಪೈಪು ಹಿಡಿಯುವವನು, ಮೋಲ್ಡಿನ ಮೇಲೆ ವೈಬ್ರೇಟರ್ ಆಡಿಸುವವನು ಎಲ್ಲರೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದವರು.

ಒಂದು ಕಡೆ ಕಲಸಿ ಇನ್ನೊಂದು ಕಡೆಗೆ ಒಯ್ಯುವ ಈ ಪದ್ಧತಿಗೆ ಜರ್ಮನಿಯ ಮಾಗೆನ್ಸ್ ಎಂಬಾತ 1903ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಇದರಲ್ಲಿ ಎಷ್ಟು ಜನರ ಕೈ ಕೂಡಬೇಕು ಎಂದು ತಿಳಿಯಲು ನಾನು ಮತ್ತೆ ಮತ್ತೆ ಓದುವುದು ಅಮೆರಿಕದ ಹೂವರ್ ಅಣೆಕಟ್ಟಿನ ಕತೆಯನ್ನು. ಅಲ್ಲಿ ಲಾರಿಯ ಬದಲು ರೈಲು ಮತ್ತು ತೂಗುಹಗ್ಗ ಇದ್ದವು, ಅಷ್ಟೇ.

ನೆವಾಡಾ ಮತ್ತು ಅರಿಜೋನಾ ನಡುವಿನ ಬ್ಲ್ಯಾಕ್ ಕ್ಯಾನ್ಯನ್ ಎಂಬ ಕಮರಿಯಲ್ಲಿ, ಕೊಲರಾಡೋ ನದಿಗೆ ಅಡ್ಡವಾಗಿ ಕಟ್ಟಿದ ಕಟ್ಟೆ ಅದು. ಮೊದಲ ಕಾಂಕ್ರೀಟ್ ಬಿದ್ದದ್ದು 1933ರ ಜೂನ್ 6ರಂದು. ಎರಡು ವರ್ಷ ತುಂಬುವ ಮೊದಲೇ, 1935ರ ಮೇ ಕೊನೆಗೆ, ಕಟ್ಟೆಯ ಕಾಂಕ್ರೀಟ್ ಮುಗಿದಿತ್ತು. ಬರೀ ಕಟ್ಟೆಗೇ 32 ಲಕ್ಷ ಘನ ಗಜಕ್ಕೂ ಹೆಚ್ಚು ಮಾಲು ಹೋಯಿತು. ಕಮರಿಯ ತಳದಲ್ಲೊಂದು, ಮೇಲೊಂದು, ಹೀಗೆ ಎರಡು ಮಿಶ್ರಣ ಘಟಕಗಳು. ಅಲ್ಲಿಂದ ಪುಟ್ಟ ರೈಲು ತೊಟ್ಟಿಗಳನ್ನು ಹೊತ್ತು ತರುತ್ತಿತ್ತು. ಕಮರಿಯ ಎರಡೂ ದಂಡೆಗೆ ಬಿಗಿದ ಉಕ್ಕಿನ ಹಗ್ಗಗಳು ಅವನ್ನು ಎತ್ತಿ ಬೇಕಾದ ಅಂಕಣಕ್ಕೆ ಇಳಿಸುತ್ತಿದ್ದವು. ಒಂದು ತೊಟ್ಟಿಗೆ 8 ಘನ ಗಜ. ಲೆಕ್ಕ ಹಾಕಿದರೆ ಆರು ಘನ ಮೀಟರಿಗೆ ತುಸು ಹೆಚ್ಚು. ಅಂದರೆ ಇವತ್ತು ನಮ್ಮ ಬಡಾವಣೆಗೆ ಬರುವ ಒಂದು ಸಾಧಾರಣ ಲಾರಿಯ ಲೋಡು!

1934ರ ಮಾರ್ಚಿನ ಒಂದು ದಿನ ಅಲ್ಲಿ ಹತ್ತು ಸಾವಿರ ಘನ ಗಜಕ್ಕೂ ಹೆಚ್ಚು ಕಾಂಕ್ರೀಟ್ ಸುರಿದರು. ಎಲ್ಲವೂ 8 ಘನ ಗಜದ ತೊಟ್ಟಿಯಲ್ಲೇ ಬಂದಿದ್ದರೆ 1,250 ತೊಟ್ಟಿ. ದಿನಕ್ಕಿರುವುದು 1,440 ನಿಮಿಷ. ಹೆಚ್ಚುಕಡಿಮೆ ನಿಮಿಷಕ್ಕೊಂದು, ಹಗಲೂ ರಾತ್ರಿ, ಮೂರು ಪಾಳಿಯಲ್ಲಿ. ಹಗ್ಗದ ಯಂತ್ರ ನಡೆಸುವವನಿಗೆ ಆಳದಲ್ಲಿದ್ದ ಅಂಕಣ ಸರಿಯಾಗಿ ಕಾಣುತ್ತಿರಲಿಲ್ಲ. ಸಂಕೇತ ಕೊಡುವವನ ಮಾತೇ ಅವನಿಗೆ ಕಣ್ಣು. ಆ ಮಾತು ಒಂದು ಕ್ಷಣ ತಪ್ಪಿದರೂ ಟನ್ನುಗಟ್ಟಲೆ ಭಾರ ಕೆಳಗಿದ್ದವರ ತಲೆಯ ಮೇಲೆ. ತೊಟ್ಟಿಯ ಬಾಯಿ ತೆರೆದ ಮೇಲೆ ಬೂಟು ತೊಟ್ಟ ಒಂದು ಗುಂಪು ಸಲಿಕೆಯಿಂದಲೂ ಕಾಲಿನಿಂದಲೂ ಮಾಲನ್ನು ಹರಡಿ ತುಳಿಯುತ್ತಿತ್ತು. ಮಡಕೆಗೆ ಮಣ್ಣು ಹದಮಾಡುವ ನಮ್ಮ ಕುಂಬಾರರಂತೆ.

ಅವಸರಕ್ಕೆ ಮಿತಿಯೂ ಇತ್ತು. ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಇಡೀ ಕಟ್ಟೆಯನ್ನು ಒಂದೇ ಏಟಿಗೆ ಎರಕ ಹೊಯ್ದರೆ ತಣಿಯಲು ನೂರು ವರ್ಷ ಮೀರುತ್ತದೆ, ತಣಿಯುವಾಗ ಬಿರುಕು ಬಿಡುತ್ತದೆ ಎಂದು ಎಂಜಿನಿಯರರು ಲೆಕ್ಕ ಹಾಕಿದ್ದರು. ಅದಕ್ಕೇ ಬೇರೆ ಬೇರೆ ಅಂಕಣಗಳಾಗಿ, ಒಂದು ಸಲಕ್ಕೆ ಐದಡಿ ಮಾತ್ರ ಏರಿಸಿದರು. ಒಳಗೆ ಒಂದಂಗುಲದ ಉಕ್ಕಿನ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದರು. ಕೊಳವೆಗಳ ಒಟ್ಟು ಉದ್ದ ಸುಮಾರು 580 ಮೈಲಿ.

ಅದೇ ಕಾಲಕ್ಕೆ ನಮ್ಮ ಕೃಷ್ಣರಾಜಸಾಗರದ ಇಪ್ಪತ್ತು ವರ್ಷಗಳ ಕೆಲಸ ಮುಗಿಯುತ್ತ ಬಂದಿತ್ತು. ಅದು ಕಲ್ಲಿನ ಕಟ್ಟಡ. ಗಾರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಪುಡಿಯ ಸುರ್ಕಿ. ಸುರ್ಕಿ ನಿಧಾನಸ್ಥ, ಮನುಷ್ಯರನ್ನು ಅಷ್ಟು ಓಡಿಸುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ನನಗೆ ಬೇಡ. ಗಾರೆಯ ಸ್ವಭಾವವೇ ಕೂಲಿಯವನ ದಿನವನ್ನು ಹೇಗೆ ನಿರ್ಧರಿಸುತ್ತದೆ ಎಂಬುದಷ್ಟೇ ಕುತೂಹಲ.

ಹೂವರ್ ಕಟ್ಟೆಯೊಳಗೆ ಕೂಲಿಗಳ ಹೆಣಗಳು ಹೂತಿವೆ ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ನಮಗೆ ನಂಬುವುದು ಸುಲಭ. ಆದರೆ ಅದು ನಿಜವಲ್ಲ. ಒಂದೊಂದು ತೊಟ್ಟಿಯಿಂದ ಅಂಕಣ ಏರುತ್ತಿದ್ದದ್ದು ಕೆಲವೇ ಅಂಗುಲ. 1933ರ ನವೆಂಬರಿನಲ್ಲಿ ಒಂದು ಕಡೆ ಹಲಗೆಯ ಗೋಡೆ ಕುಸಿದು ಒಬ್ಬ ಕೆಲಸಗಾರ ಹಸಿ ಕಾಂಕ್ರೀಟಿನಡಿ ಸಿಕ್ಕಿ ಸತ್ತ. ಗಂಟೆಗಟ್ಟಲೆ ಅಗೆದು ಅವನ ದೇಹವನ್ನು ಹೊರತೆಗೆದರು. ಅಧಿಕೃತ ಲೆಕ್ಕದಲ್ಲಿ ಕೆಲಸದ ಅವಘಡಗಳಿಗೆ ಬಲಿಯಾದವರು 96. ನ್ಯುಮೋನಿಯಾ ಎಂದು ಬರೆಸಿಕೊಂಡು ಸತ್ತವರು ಆ ಲೆಕ್ಕಕ್ಕೆ ಬರಲಿಲ್ಲ. ಸುರಂಗದಲ್ಲಿ ಓಡಿಸುತ್ತಿದ್ದ ವಾಹನಗಳ ಹೊಗೆಯೇ ಅದಕ್ಕೆ ಕಾರಣ ಎಂದು ಕೆಲಸಗಾರರು ಕೋರ್ಟಿಗೆ ಹೋದರು. ಕಂಪನಿ ರಾಜಿ ಮಾಡಿಕೊಂಡಿತು.

ಇಲ್ಲದ ಹೆಣಗಳ ಕತೆ ಊರೂರು ಸುತ್ತಿದೆ, ಇದ್ದ ಮನುಷ್ಯರ ಕತೆ ಅಷ್ಟು ಸುತ್ತಿಲ್ಲ. ಮುಖ್ಯ ಮೇಲ್ವಿಚಾರಕ ಫ್ರಾಂಕ್ ಕ್ರೋವ್ ಅವಸರಕ್ಕೇ ಹೆಸರಾದವನು. 1931ರ ಆಗಸ್ಟಿನಲ್ಲಿ ಕೂಲಿ ಕಡಿತದ ವಿರುದ್ಧ ಮುಷ್ಕರವೆದ್ದಾಗ ಅವನು ಒಂದು ಬೇಡಿಕೆಗೂ ಬಗ್ಗಲಿಲ್ಲ. ಚೀನೀಯರನ್ನು ಕೆಲಸಕ್ಕೆ ತೆಗೆದುಕೊಳ್ಳಕೂಡದು ಎಂದು ಒಪ್ಪಂದದಲ್ಲೇ ಇತ್ತು. ಸಾವಿರಾರು ಜನ ದುಡಿಯುತ್ತಿದ್ದ ಆ ಜಾಗದಲ್ಲಿ ಕಪ್ಪು ಜನರ ಸಂಖ್ಯೆ ಯಾವ ಹಂತದಲ್ಲೂ 30 ದಾಟಲಿಲ್ಲ. ಅವರದ್ದು ಬೇರೆಯೇ ಗುಂಪು, ಹೆಚ್ಚಿನವರಿಗೆ ಅತಿ ಕಡಿಮೆ ಕೂಲಿ. ಕುಡಿಯುವ ನೀರಿನ ಬಕೆಟ್ಟೂ ಬೇರೆ.

ಇದನ್ನು ಓದುವಾಗ ಪ್ರತಿಸಲವೂ ನಾನು ಅಲ್ಲೇ ನಿಲ್ಲುತ್ತೇನೆ. ನಿಮಿಷಕ್ಕೊಂದು ತೊಟ್ಟಿಯನ್ನು ಕೈಯಿಂದ ಕೈಗೆ ತಪ್ಪದೆ ದಾಟಿಸಿದ ವ್ಯವಸ್ಥೆ ಅದು. ಅಣೆಕಟ್ಟೂ ನೀರಿಗಾಗಿಯೇ. ಮರುಭೂಮಿಯ ಬಿಸಿಲಿನಲ್ಲಿ ಒಂದೇ ನದಿಯ ಮೇಲೆ ದುಡಿಯುತ್ತಿದ್ದವರಿಗೆ ಎರಡು ಬಕೆಟ್ ಇಟ್ಟಿದ್ದರು.