ಗುರುವಿಲ್ಲದ ಸಭೆಯ ಯಜಮಾನಿಕೆ

ಒಂದು ಮತದ ಜನರು ಗುರುಪೀಠವಿಲ್ಲದೆ, ಶಾಸ್ತ್ರಪಾಠವಿಲ್ಲದೆ, ಆಚಾರ್ಯರ ಆಶ್ರಯವಿಲ್ಲದೆ ಅನೇಕ ತಲೆಮಾರುಗಳ ಕಾಲ ತಮ್ಮ ಧರ್ಮವನ್ನು ಉಳಿಸಿಕೊಂಡು ಬರಬಲ್ಲರೆ? ಬರಬಲ್ಲರೆಂಬುದಕ್ಕೆ ನಿದರ್ಶನವನ್ನು ಬಹುದೂರ ಅರಸಬೇಕಾಗಿಲ್ಲ. ನಮ್ಮ ಪಡುವಣ ಕರಾವಳಿಯನ್ನೇ ಹಿಡಿದು ಬಡಗಲಾಗಿ ನಡೆದರೆ, ಮುಂಬಯಿಯ ತೆಂಕಣಕ್ಕೆ, ಹಿಂದೆ ಕೊಲಾಬಾ ಎಂದೂ ಈಗ ರಾಯಗಡವೆಂದೂ ಹೆಸರಾದ ಜಿಲ್ಲೆಯ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಬಹುಕಾಲ ಬಾಳಿದುದು ತಿಳಿದುಬರುತ್ತದೆ. ಆ ಹೆಸರಿಗೆ ಇಸ್ರಾಯೇಲನ ಮಕ್ಕಳೆಂದು ಅರ್ಥ.

ಇವರ ಪೂರ್ವಿಕರು ಬಂದ ಹಡಗು ನವಗಾಂವದ ಬಳಿ ಒಡೆದು, ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ದಡ ಸೇರಿದರೆಂದು ಇವರಲ್ಲಿ ಐತಿಹ್ಯವಿದೆ. ಅವರ ಗ್ರಂಥಗಳೆಲ್ಲವೂ ಸಮುದ್ರದ ಪಾಲಾದವಂತೆ. ಈ ಕಥೆಯು ಎಷ್ಟರಮಟ್ಟಿಗೆ ಚರಿತ್ರೆಯೆಂಬುದು ಹೇಗಾದರೂ ಇರಲಿ. ಇವರ ಸ್ಥಿತಿಯನ್ನಂತೂ ಇದು ಚೆನ್ನಾಗಿ ಸೂಚಿಸುತ್ತದೆ. ಇವರು ಮರಾಠಿಯನ್ನಾಡುತ್ತ, ನೆರೆಹೊರೆಯವರಂತೆಯೇ ಉಡುತ್ತ ತೊಡುತ್ತ, ಗಾಣವಾಡಿಸಿ ಎಣ್ಣೆ ತೆಗೆದು ಜೀವಿಸುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದುದರಿಂದ ಜನರು ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಹೀಬ್ರೂ ಭಾಷೆಯು ಮರೆತುಹೋಗಿದ್ದಿತು. ಎಂಟನೆಯ ದಿನ ಗಂಡುಮಗುವಿಗೆ ಸುನ್ನತಿ ಮಾಡುವುದು, ಹುರುಪೆಯಿಲ್ಲದ ಮೀನನ್ನು ತಿನ್ನದಿರುವುದು, ‘ಶೆಮಾ’ ಎಂಬ ದೈವೈಕ್ಯದ ಮಂತ್ರದ ಮೊದಲ ಮಾತುಗಳನ್ನು ಮಂಗಳಕಾರ್ಯಗಳಲ್ಲಿ ಉಚ್ಚರಿಸುವುದು, ಇಷ್ಟು ಉಳಿದಿದ್ದಿತು. ಮುಂದೆ ದಾವೀದ ರಹಾಬಿಯೆಂಬವನು ಬಂದು, ಈ ಗುರುತುಗಳಿಂದ ಇವರನ್ನು ಯೆಹೂದ್ಯರೆಂದರಿತು, ಮೂರು ಮನೆತನಗಳವರಿಗೆ ವಿಧಿಗಳನ್ನು ಕಲಿಸಿ ಕಾಜಿಗಳನ್ನಾಗಿ ನೇಮಿಸಿದನೆಂದು ಹೇಳುತ್ತಾರೆ. ಅವನು ಯಾವ ಶತಮಾನದವನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇಲ್ಲಿ ವಾಚಕರು ಯೆಹೂದ್ಯ ಧರ್ಮದ ಒಂದು ವಿಶೇಷವನ್ನು ಗಮನಿಸಬೇಕು. ಅವರಲ್ಲಿ ರಬ್ಬಿಯೆಂಬವನು ದೇವರಿಗೂ ಭಕ್ತನಿಗೂ ನಡುವೆ ನಿಲ್ಲುವ ಪುರೋಹಿತನಲ್ಲ. ಅವನು ಶಾಸ್ತ್ರವನ್ನೋದಿ ನಿರ್ಣಯ ಹೇಳುವ ಪಂಡಿತನು. ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರು ಕೂಡಿದರೆ ಸಾಮೂಹಿಕ ಪ್ರಾರ್ಥನೆ ನಡೆಯುವುದೆಂಬುದು ಪುರಾತನ ನಿಯಮ. ಒಂಬತ್ತು ಮಂದಿ ಪಂಡಿತರು ಸೇರಿದರೂ ಆಗದ ಕಾರ್ಯವು ಹತ್ತು ಮಂದಿ ಗಾಣಿಗರು ಸೇರಿದರೆ ಆಗುತ್ತದೆ. ಆದಕಾರಣ ಸಭೆಯ ಭಾರವನ್ನು ಹೊರುವ ಹಕ್ಕು ಗೃಹಸ್ಥನಿಗೂ ಇದೆ; ಪಂಡಿತರಿಲ್ಲದ ಕಡೆ ಅದು ಹಕ್ಕಲ್ಲ, ಋಣ.

ಬೆನೆ ಇಸ್ರಾಯೇಲರು ಈ ಋಣವನ್ನು ತೀರಿಸಿದ ರೀತಿ ನಮ್ಮ ಹಳ್ಳಿಗಳ ಪದ್ಧತಿಗೆ ಬಲು ಹತ್ತಿರವಾದುದು. ಸಮಾಜಕ್ಕೊಬ್ಬ ಮುಕದ್ದಮನಿದ್ದನು. ಅವನಿಗೆ ಸಹಾಯಕರಾಗಿ ಚೌಗುಲರೆಂಬ ಹಿರಿಯರಿದ್ದರು. ಲೆಕ್ಕಪತ್ರಕ್ಕೆ ಗಬ್ಬಾಯಿ, ಪ್ರಾರ್ಥನೆ ನಡೆಸಲು ಹಜ್ಜಾನ್, ಕರೆಕೊಡಲು ಮತ್ತು ಮಂದಿರದ ಊಳಿಗಕ್ಕೆ ಸಮಾಶ್. ಜಗಳಗಳನ್ನು ಬಿಡಿಸುವುದೂ, ತಪ್ಪಿದವರಿಗೆ ದಂಡ ಹಾಕುವುದೂ ಈ ಪಂಚಾಯಿತಿಯ ಕೆಲಸ. ಗೌಡ, ಚೌಗುಲ ಎಂಬ ಹೆಸರುಗಳನ್ನು ಬಲ್ಲ ನಮ್ಮ ಉತ್ತರದ ಜಿಲ್ಲೆಗಳವರಿಗೆ ಈ ಏರ್ಪಾಡು ಅಪರಿಚಿತವೆನಿಸಲಾರದು.

ಇಂತಹ ಯಜಮಾನರಲ್ಲಿ ಹೆಚ್ಚು ಪ್ರಸಿದ್ಧನಾದವನು ಸಮುವೇಲ ಯೆಹೆಜ್ಕೇಲ ದಿವೇಕರನು. ಮರಾಠಿಯಲ್ಲಿ ಅವನಿಗೆ ಸಾಮಾಜಿ ಹಸಾಜಿಯೆಂದು ಹೆಸರು. ಅವನು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ದೇಶೀಯರಿಗೆ ದೊರೆಯಬಹುದಾಗಿದ್ದ ಕಮಾಂಡೆಂಟ್ ಪದವಿಗೇರಿದ್ದನು. ಅವನ ಕಥೆಯು ನಮ್ಮ ನಾಡಿನ ಚರಿತ್ರೆಗೆ ತಾಗುವುದು ಎರಡನೆಯ ಮೈಸೂರು ಯುದ್ಧದಲ್ಲಿ. 1783ರ ಆರಂಭದಲ್ಲಿ ಮುಂಬಯಿಯ ಸೈನ್ಯವು ಜನರಲ್ ಮ್ಯಾಥ್ಯೂಸನ ಕೈಕೆಳಗೆ ಘಟ್ಟವನ್ನೇರಿ ಬಿದನೂರನ್ನು ಹಿಡಿದುದೂ, ಕೆಲವೇ ತಿಂಗಳುಗಳಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿ ಶರಣಾದುದೂ ಎಲ್ಲರಿಗೂ ತಿಳಿದ ವಿಷಯ. ಆ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ದಿವೇಕರನೂ ಒಬ್ಬನು.

ಮುಂದಿನದನ್ನು ಅವನ ಜನರು ಹೀಗೆ ಹೇಳಿಕೊಂಡು ಬಂದಿದ್ದಾರೆ. ಸೆರೆಯಾಳುಗಳನ್ನು ಜಾತಿ ಯಾವುದೆಂದು ವಿಚಾರಿಸಿದಾಗ ಇವರು ಬೆನೆ ಇಸ್ರಾಯೇಲರೆಂದರು. ಟಿಪ್ಪುವಿನ ತಾಯಿಯು ಅದನ್ನು ಕೇಳಿ, ಕುರಾನಿನಲ್ಲಿ ಬರುವ ಜನರ ಹೆಸರಿದು, ಇಂತಹವರನ್ನು ಇದುವರೆಗೆ ಕಂಡಿರಲಿಲ್ಲವೆಂದು ಸೋಜಿಗಪಟ್ಟು, ಇವರ ಪ್ರಾಣವನ್ನುಳಿಸಬೇಕೆಂದು ಮಗನನ್ನು ಕೇಳಿಕೊಂಡಳು. ಸೆರೆಯಲ್ಲಿದ್ದಾಗಲೇ ದಿವೇಕರನು, ಬದುಕಿ ಊರು ಸೇರಿದರೆ ದೇವರಿಗೊಂದು ಮಂದಿರವನ್ನು ಕಟ್ಟಿಸುವೆನೆಂದು ಹರಕೆ ಹೊತ್ತನು. ಅರಮನೆಯ ಒಳಗಿನ ಮಾತಿಗೆ ಕಾಗದಪತ್ರಗಳ ಸಾಕ್ಷ್ಯವನ್ನು ನಿರೀಕ್ಷಿಸುವಂತಿಲ್ಲ. ಇದನ್ನು ಐತಿಹ್ಯವೆಂದೇ ಗ್ರಹಿಸತಕ್ಕದ್ದು. ಇಸ್ರಾಯೇಲನ ಮಕ್ಕಳೆಂಬ ಹೆಸರು ಕುರಾನಿನಲ್ಲಿ ಪದೇ ಪದೇ ಬರುವುದಂತೂ ನಿಜ. ಹರಕೆಯ ಫಲವಾದ ಮಂದಿರವೂ ಐತಿಹ್ಯವಲ್ಲ.

1784ರಲ್ಲಿ ಮಂಗಳೂರಿನ ಒಪ್ಪಂದದಿಂದ ಯುದ್ಧವು ಮುಗಿಯಿತು. ಅದಾದ ಹನ್ನೆರಡು ವರ್ಷಗಳಿಗೆ, 1796ರಲ್ಲಿ, ಮುಂಬಯಿಯ ಮಾಂಡವಿಯ ಬಳಿ ದಿವೇಕರನ ಮಂದಿರವು ಎದ್ದುನಿಂತಿತು. ಆ ನಗರದಲ್ಲಿ ಯೆಹೂದ್ಯರಿಗೆ ಅದೇ ಮೊದಲನೆಯದು. ‘ಶಾಅರ್ ಹರಹಮೀಮ್’, ಎಂದರೆ ಕರುಣೆಯ ದ್ವಾರವೆಂದು ಅದಕ್ಕೆ ಹೆಸರು. ಜನರ ಬಾಯಲ್ಲಿ ಅದು ‘ಜುನಿ ಮಶೀದ’ ಆಯಿತು. ಅದುವರೆಗೆ ಮನೆಗಳಲ್ಲಿ ಕೂಡುತ್ತಿದ್ದ ಜನರಿಗೆ ಎಲ್ಲರದೂ ಆದ ಒಂದು ಸ್ಥಳವು ದೊರೆಯಿತು. ಕತ್ತಿ ಹಿಡಿದ ಕೈಯವನು, ಶಾಸ್ತ್ರವನ್ನೋದದವನು, ಸಮಾಜದ ಮುಕದ್ದಮನಾದನು.

ಆದರೆ ಕಟ್ಟಡವಾದೊಡನೆ ಕೊರತೆಯೂ ಕಣ್ಣಿಗೆ ಬಿದ್ದಿತು. ಯೆಹೂದ್ಯರ ಮಂದಿರದಲ್ಲಿ ವಿಗ್ರಹವಿಲ್ಲ; ಮೋಶೆಯ ಐದು ಗ್ರಂಥಗಳನ್ನು ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿಯೇ ಅಲ್ಲಿಯ ಸರ್ವಸ್ವ. ಅದರಲ್ಲಿ 3,04,805 ಅಕ್ಷರಗಳೆಂದು ಲೆಕ್ಕವಿಟ್ಟಿದ್ದಾರೆ. ಒಂದಕ್ಷರ ಕೆಟ್ಟರೂ ತಿದ್ದುವವರೆಗೆ ಅದನ್ನು ಸಭೆಯಲ್ಲಿ ಓದುವಂತಿಲ್ಲ. ಅದನ್ನು ಬರೆಯಬಲ್ಲವರು ಕೊಂಕಣದಲ್ಲಿ ಯಾರಿದ್ದರು? ದಿವೇಕರನು ಸುರುಳಿಗಳನ್ನು ತರುವುದಕ್ಕಾಗಿ, 1568ರಿಂದಲೂ ಪರದೇಶಿ ಯೆಹೂದ್ಯರ ಮಂದಿರವಿದ್ದ ಕೊಚ್ಚಿಗೆ ಹೋದನೆಂದೂ, 1797ರಲ್ಲಿ ಅಲ್ಲಿಯೇ ತೀರಿಕೊಂಡನೆಂದೂ ತಿಳಿದುಬರುತ್ತದೆ. ತಾನು ಕಟ್ಟಿಸಿದ ಮಂದಿರದಲ್ಲಿ ಅವನು ಕುಳಿತದ್ದು ಒಂದು ವರ್ಷವಿರಬಹುದು, ಅಷ್ಟೆ.

ಅವನು ಹಿಡಿದ ಕೊಚ್ಚಿಯ ದಾರಿ ಮಾತ್ರ ಮುಚ್ಚಿಹೋಗಲಿಲ್ಲ. 1826ರಿಂದ ಮುಂದಕ್ಕೆ ಕೊಚ್ಚಿಯ ಉಪಾಧ್ಯಾಯರು ಕೊಂಕಣಕ್ಕೆ ಬಂದು ಹೀಬ್ರೂ ಪ್ರಾರ್ಥನೆಗಳನ್ನೂ ವಿಧಿಗಳನ್ನೂ ಕಲಿಸಿದರು. ಅವರೂ ಪಟ್ಟವಾದ ರಬ್ಬಿಗಳಲ್ಲ, ಗೃಹಸ್ಥರೇ. ರೇವದಂಡ, ಅಲಿಬಾಗ, ಪನವೇಲಗಳಲ್ಲಿ 1840ರಿಂದ 1850ರೊಳಗಾಗಿ ಮಂದಿರಗಳಾದವು. ಮುಂಬಯಿಯಲ್ಲಿ ಒಳಜಗಳದಿಂದ ಎರಡನೆಯ ಮಂದಿರವೊಂದು ಹುಟ್ಟಿತು. ಯಜಮಾನಿಕೆಯಿದ್ದಲ್ಲಿ ಪಂಗಡವೂ ಇರುವುದು ಲೋಕರೂಢಿಯಷ್ಟೆ. ಹಾಯಿಮ್ ಸಮುವೇಲ ಕೇಹಿಮಕರರು 1875ರಲ್ಲಿ ಶಾಲೆಯನ್ನು ಸ್ಥಾಪಿಸಿದರು; 1897ರಲ್ಲಿ ತಮ್ಮ ಜನರ ಚರಿತ್ರೆಯನ್ನು ಬರೆದು ಮುಗಿಸಿದರು. ಅದು ಅಚ್ಚಾದುದು 1937ರಲ್ಲಿ, ಅವರು ಕಾಲವಾದ ಎಷ್ಟೋ ವರ್ಷಗಳ ಮೇಲೆ. ಅವರೂ ಗುರುಗಳಲ್ಲ, ಹೊಣೆಯನ್ನರಿತ ಗೃಹಸ್ಥರು.

ಈ ಯಜಮಾನಿಕೆಗೆ ತೆರಬೇಕಾದ ಬೆಲೆಯೂ ಇದ್ದಿತು. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಇವರಲ್ಲಿ ಬಹುಮಂದಿ ಅಲ್ಲಿಗೆ ಹೋಗಿ ನೆಲಸಿದರು. ಇವರಿಗೆ ರಬ್ಬಿಗಳೇ ಇರಲಿಲ್ಲ. ಆದುದರಿಂದ ಪೂರ್ವಿಕರ ವಿವಾಹವಿಚ್ಛೇದಗಳು ಶಾಸ್ತ್ರೋಕ್ತವಾಗಿ ನಡೆದಿರುವುವೋ ಇಲ್ಲವೋ ಎಂದು ಅಲ್ಲಿಯ ಪಂಡಿತಮಂಡಲಿಯು ಶಂಕಿಸಿ, ಇತರ ಯೆಹೂದ್ಯರೊಡನೆ ಇವರು ವಿವಾಹವಾಗುವ ಮುನ್ನ ವಂಶವಿಚಾರ ನಡೆಯತಕ್ಕದ್ದೆಂದು 1962ರಲ್ಲಿ ವಿಧಿಸಿತು. ಇವರು ಜೆರೂಸಲೇಮಿನಲ್ಲಿ ಪ್ರತಿಭಟಿಸಿದರು. 1964ರಲ್ಲಿ ಇವರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ ಎಂದು ಆ ದೇಶದ ಶಾಸನಸಭೆಯು ಘೋಷಿಸಿತು. ಪಂಡಿತರೂ ಇವರ ಹೆಸರನ್ನು ಆ ವಿಧಿಯಿಂದ ತೆಗೆದುಹಾಕಿದರು.

ಪಂಡಿತರ ಪ್ರಶ್ನೆಯಲ್ಲಿ ಶಾಸ್ತ್ರವಿದ್ದಿತು, ಅಲ್ಲವೆನ್ನಲಾಗದು. ಆದರೆ ಶಂಕಿಸುವುದಕ್ಕಾದರೂ ಆ ಜನರು ಯೆಹೂದ್ಯರಾಗಿ ಉಳಿದಿರಬೇಕಷ್ಟೆ. ಉಳಿಸಿದವರು ಯಾರು? ಶನಿವಾರ ಗಾಣ ನಿಲ್ಲಿಸಿದ ಗಾಣಿಗರು, ಮರದಡಿಯಲ್ಲಿ ನ್ಯಾಯ ಹೇಳಿದ ಮುಕದ್ದಮರು, ಮೀನನ್ನು ಆರಿಸಿ ಅಡಿಗೆಮಾಡಿದ ಹೆಂಗಸರು, ಮೈಸೂರಿನ ಸೆರೆಯಿಂದ ಮರಳಿ ಹರಕೆಯನ್ನು ಸಲ್ಲಿಸಿದ ಒಬ್ಬ ಯೋಧ. ತಕ್ಕವನು ಬರಲಿ, ಆಮೇಲೆ ನೋಡೋಣವೆಂದು ಕುಳಿತಿದ್ದರೆ ಆ ದೀಪವು ಎಂದೋ ನಂದಿಹೋಗುತ್ತಿದ್ದಿತು. ಹತ್ತನೆಯವನಾಗಿ ಬಂದು ನಿಂತವನಿಂದಲೇ ಸಭೆಯು ಸಭೆಯಾಗುವುದು.