ವಿಂಚಿಗೆ ಎಣ್ಣೆ: ಎಲ್ಲಿ ಬೇಕು, ಎಲ್ಲಿ ಬೇಡ?

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರ ಬಂದರುಗಳಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೆ ಪತ್ತೆಮಾರಿ ಎಂಬ ಹಾಯಿ ಹಡಗುಗಳಲ್ಲಿ ಪಯಣ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಈ ಹತ್ತಿಯೂ ಒಂದು ಕಾರಣ. ಪಯಣದ ಎರಡು ಹಂತಗಳಲ್ಲೂ ಎಣ್ಣೆ ಬೇಕಿತ್ತು. ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಮಸಿ ಕಲಸಿದ ಕೀಲೆಣ್ಣೆ, ಹಡಗಿನ ಹಲಗೆಗೆ ಮೀನೆಣ್ಣೆ.

ಇವನ್ನು ಅದಲುಬದಲು ಮಾಡಿದರೆ ಏನಾಗುತ್ತದೆ? ಮೀನೆಣ್ಣೆಯಲ್ಲಿ ಅಪರ್ಯಾಪ್ತ ಮೇದಾಮ್ಲಗಳು ಹೆಚ್ಚು. ಗಾಳಿಯ ಆಕ್ಸಿಜನ್ ಸೇರಿದಂತೆ ಅವುಗಳ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಅಂಟಾಗುತ್ತವೆ, ಕೊನೆಗೆ ತೆಳುವಾದ ಪೊರೆಯಾಗುತ್ತವೆ. ಮರದ ಹಲಗೆಗೆ ಇದು ನೀರನ್ನು ತಡೆಯುವ ಲೇಪ. ತಿರುಗುವ ಅಚ್ಚಿಗೆ ಮಾತ್ರ ಶತ್ರು. ಹರಳೆಣ್ಣೆ ಇಷ್ಟು ಬೇಗ ಅಂಟಾಗುವುದಿಲ್ಲ, ದಪ್ಪವಾಗಿರುವುದರಿಂದ ಅಚ್ಚಿನಿಂದ ಸುಲಭವಾಗಿ ಜಾರಿ ಹೋಗುವುದೂ ಇಲ್ಲ. ರಸಾಯನಶಾಸ್ತ್ರ ತಿಳಿಯದ ಬಂಡಿಕಾರನಿಗೂ ನಾವಿಕನಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಹಡಗಿನಲ್ಲಿ ನಿಜವಾದ ಶ್ರಮವೆಂದರೆ ಹಗ್ಗ ಎಳೆಯುವುದು. ಪತ್ತೆಮಾರಿಯಲ್ಲಿ ಹಾಯಿ ಏರಿಸಲು ಮರದ ಕಪ್ಪಿಗಳೂ ಹಲವು ಜನರ ತೋಳುಬಲವೂ ಇದ್ದವು. ಯುರೋಪಿನ ದೊಡ್ಡ ನೌಕೆಗಳಲ್ಲಿ ಲಂಗರು ಎತ್ತಲು ನೆಟ್ಟಗೆ ನಿಲ್ಲಿಸಿದ ಉರುಳೆಗೆ ಹಗ್ಗ ಸುತ್ತಿ, ಸನ್ನೆಕೋಲುಗಳಿಂದ ತಿರುಗಿಸುತ್ತಿದ್ದರು. ಇದೇ ಕ್ಯಾಪ್‌ಸ್ಟನ್. ಇಂಥ ಸಾಧನಗಳಲ್ಲಿ ಎಷ್ಟು ಬಲ ಘರ್ಷಣೆಗೆ ವ್ಯರ್ಥವಾಗುತ್ತದೆ ಎಂಬ ಪ್ರಶ್ನೆಗೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಬಹುಮಾನವನ್ನೇ ಇಟ್ಟಿತು. 1781ರಲ್ಲಿ ಅದನ್ನು ಗೆದ್ದವನು ಕೂಲಂಬ್, ವಿದ್ಯುದಾವೇಶದ ನಿಯಮದಿಂದ ನಮಗೆಲ್ಲ ಪರಿಚಿತನಾದ ಅದೇ ಕೂಲಂಬ್! ರೋಶ್‌ಫೋರ್ ನೌಕಾಗಾರದಲ್ಲಿ ಅವನು ಓಕ್ ಮರದ ಮೇಲೆ ಓಕ್ ಮರವನ್ನು ಎಳೆದು ನೋಡಿದ. ಮೊದಲು ಒಣದಾಗಿ, ಆಮೇಲೆ ಪ್ರಾಣಿಗಳ ಕೊಬ್ಬು ಸವರಿ. ಹಗ್ಗದ ಬಿಗುಪನ್ನೂ ಅಳೆದ. ನಮ್ಮ ಪಠ್ಯಪುಸ್ತಕದ ಘರ್ಷಣೆಯ ನಿಯಮಗಳ ಬೇರು ಹೀಗೆ ಹಡಗುಕಟ್ಟೆಯಲ್ಲಿದೆ.

ಆದರೆ ಘರ್ಷಣೆ ಯಾವಾಗಲೂ ನಷ್ಟವಲ್ಲ. ಉರುಳೆಯ ಮೇಲೆ ಹಗ್ಗ ಜಾರದೆ ನಿಲ್ಲುವುದೇ ಘರ್ಷಣೆಯಿಂದ. ಆಯ್ಲರ್ ಮತ್ತು ಐಟೆಲ್‌ವೈನ್ ಹೆಸರಿನ ಸೂತ್ರದ ಪ್ರಕಾರ, ಸುತ್ತುಗಳು ಹೆಚ್ಚಿದಂತೆ ಹಿಡಿತ ಘಾತೀಯವಾಗಿ ಏರುತ್ತದೆ. ಘರ್ಷಣಾಂಕ 0.2 ಎಂದಿಟ್ಟುಕೊಳ್ಳಿ. 100 ಕಿ.ಗ್ರಾಂ. ತೂಕದ ಎಳೆತವನ್ನು ತಡೆಯಲು ಒಂದು ಸುತ್ತಿಗೆ ಸುಮಾರು 28 ಕಿ.ಗ್ರಾಂ. ಬಲ ಬೇಕು, ಮೂರು ಸುತ್ತಿಗೆ ಎರಡೂಕಾಲು ಕಿ.ಗ್ರಾಂ. ಸಾಕು. ಉರುಳೆಗೆ ಗ್ರೀಸ್ ತಾಗಿ ಘರ್ಷಣಾಂಕ 0.05ಕ್ಕೆ ಇಳಿದರೆ ಅದೇ ಮೂರು ಸುತ್ತಿಗೆ 39 ಕಿ.ಗ್ರಾಂ. ಬೇಕಾಗುತ್ತದೆ. ಹಗ್ಗ ಕೈತಪ್ಪಿ ಅಂಗೈ ಸುಲಿಯುವುದು ಹೀಗೆಯೇ. ಇದನ್ನು ನೋಡಲು ಸಮುದ್ರವೇ ಬೇಕಿಲ್ಲ. ಅಂಕೋಲಾ ತಾಲ್ಲೂಕಿನ ಹಿಲ್ಲೂರಿನಂಥ ಊರಿನ ಶಾಲೆಯಲ್ಲೂ ಅಡ್ಡಲಾಗಿ ಬಿಗಿದ ಒಂದು ಗಳು, ತೆಂಗಿನ ನಾರಿನ ಹಗ್ಗ, ಒಂದು ಬಕೆಟ್ ನೀರು, ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ಸಾಕು. ಮೊದಲು ಒಣ ಗಳು, ಬಳಿಕ ಎಣ್ಣೆ ಸವರಿದ ಗಳು. ಅಳತೆಗಳನ್ನು ವಿದ್ಯಾರ್ಥಿಗಳೇ ಗ್ರಾಫಿನಲ್ಲಿ ಗುರುತಿಸಲಿ.

ಹಾಯಿದೋಣಿಯ ವಿಂಚು ಕ್ಯಾಪ್‌ಸ್ಟನ್ನಿನ ಕಿರಿಯ ವಂಶಜ. 1903ರಲ್ಲಿ ಅಮೆರಿಕದ 'ರಿಲಯನ್ಸ್' ಎಂಬ ಸ್ಪರ್ಧಾನೌಕೆಗೆ ನಥಾನಿಯಲ್ ಹೆರೆಶಾಫ್ ಹಲ್ಲುಗಾಲಿಯ ವಿಂಚುಗಳನ್ನು ಅಳವಡಿಸಿದ. ನಮ್ಮ ನೆರೆಯ ಗೋವೆಯ ದಿವಾಡಿಯಲ್ಲಿ ಕಟ್ಟಿದ 56 ಅಡಿಯ 'ಮ್ಹಾದೇಯಿ'ಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ, ಅಭಿಲಾಷ್ ಟೋಮಿ 2012-13ರಲ್ಲಿ (ಇವರು ಎಲ್ಲೂ ನಿಲ್ಲದೆ) ಒಬ್ಬೊಬ್ಬರೇ ಭೂಪ್ರದಕ್ಷಿಣೆ ಮಾಡಿದರು. ಅಷ್ಟು ದೊಡ್ಡ ಹಾಯಿಗಳನ್ನು ಒಬ್ಬನ ತೋಳು ನಿಭಾಯಿಸಿದ್ದು ವಿಂಚಿನಿಂದ.

ವಿಂಚಿನ ಒಳಗೆ ಘರ್ಷಣೆ ಬೇಡ, ಹೊರಗೆ ಬೇಕು. ಶುಚಿ ಮಾಡುವಾಗ ಉರುಳೆಯನ್ನು ಕಳಚಿ, ಉಪ್ಪು ಮತ್ತು ಮರಳು ಸೇರಿ ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಒರೆಸಿ ಒಣಗಿಸಿದ ಮೇಲೆ ಹಲ್ಲುಗಾಲಿ ಮತ್ತು ಬೇರಿಂಗ್‌ಗಳಿಗೆ ತೆಳುವಾಗಿ ಗ್ರೀಸ್. ಉರುಳೆಯ ಹೊರಮೈಗೆ ಏನೂ ಇಲ್ಲ. ಇನ್ನು ಹಲ್ಲುಗಾಲಿ ಹಿಂದಕ್ಕೆ ತಿರುಗದಂತೆ ತಡೆಯುವ, ಸ್ಪ್ರಿಂಗ್ ಕೂರಿಸಿದ ಲೋಹದ ಪುಟ್ಟ ನಾಲಗೆಗಳಿವೆ. ಇವುಗಳ ಹೆಸರು ಪಾಲ್. ಇವಕ್ಕೆ ಗ್ರೀಸ್ ಕೂಡದು, ತೆಳು ಎಣ್ಣೆಯ ಒಂದು ಹನಿ ಮಾತ್ರ. ಗ್ರೀಸ್ ಮೆತ್ತಿದರೆ ನಾಲಗೆ ಗೂಡಿನಲ್ಲೇ ಅಂಟಿಕೊಂಡು ಹಲ್ಲಿಗೆ ಸಿಗುವುದಿಲ್ಲ. ಆಗ ಹಾಯಿಯ ಎಳೆತಕ್ಕೆ ವಿಂಚಿನ ಹಿಡಿಕೆ ರಭಸದಿಂದ ಹಿಂದಕ್ಕೆ ತಿರುಗಿ ಮುಂಗೈಯನ್ನೇ ಮುರಿಯಬಲ್ಲದು. ಆದ್ದರಿಂದ ಜೋಡಿಸಿದ ಕೂಡಲೇ ಉರುಳೆಯನ್ನು ಕೈಯಿಂದ ತಿರುಗಿಸಿ ಕಿವಿಗೊಡುತ್ತಾರೆ. ಪ್ರತಿಯೊಂದು ಹಲ್ಲಿಗೂ 'ಟಕ್' ಎಂಬ ಸ್ಪಷ್ಟ ಸದ್ದು ಬರಬೇಕು. ಸದ್ದು ಮಂಕಾಗಿದ್ದರೆ ಮತ್ತೆ ಕಳಚಬೇಕು.